ಹಿಂದಿನ ಸೀಟಿನವರು ಇಳಿದ ಮೇಲೆ

ತೊಂಬತ್ತರ ದಶಕದಲ್ಲಿ ನ್ಯೂಜೆರ್ಸಿಗೆ ಬಂದಿಳಿದ ನಮ್ಮಂಥ ಕಂಪ್ಯೂಟರ್ ಕೆಲಸದವರಿಗೆ ರೇಡಿಯೋ ಎಂದರೆ 1010 ವಿನ್ಸ್. ಎಎಂನಲ್ಲಿ ಬರುತ್ತಿದ್ದ ಸುದ್ದಿ ಸ್ಟೇಷನ್ ಅದು. ಹತ್ತು ನಿಮಿಷಕ್ಕೊಮ್ಮೆ ಟ್ರಾಫಿಕ್ ಹೇಳುತ್ತಿದ್ದರು. ಎಡಿಸನ್‌ನಿಂದ ಜೆರ್ಸಿ ಸಿಟಿಗೆ ಹೋಗುವ ನಮ್ಮ ಕಾರ್‌ಪೂಲಿಗೆ ಟರ್ನ್‌ಪೈಕ್‌ನಲ್ಲಿ ಎಲ್ಲಿ ಲಾರಿ ಕೆಟ್ಟು ನಿಂತಿದೆ, ಹಾಲೆಂಡ್ ಸುರಂಗದ ಬಾಯಲ್ಲಿ ಎಷ್ಟು ಹೊತ್ತು ಕಾಯಬೇಕು ಎಂಬುದು ತಿಳಿದರೆ ಸಾಕಿತ್ತು. ಸುದ್ದಿ ಸಾಕೆನಿಸಿದರೆ ಸಿ. ಅಶ್ವಥ್ ಅವರ ಭಾವಗೀತೆಯ ಕ್ಯಾಸೆಟ್. ಸ್ಟೇಷನ್ ಬದಲಿಸುವ ಹಕ್ಕು ಕಾರಿನ ಯಜಮಾನರದ್ದು. ಅವರು ಮೈಸೂರಿನವರು, ಮಿತಭಾಷಿ. ಬಟನ್ ಒತ್ತುವಾಗ ತಪ್ಪಿ 97.1 ಸಿಕ್ಕಿಬಿಟ್ಟರೆ ಮಾತ್ರ ಬಾಯಿ ಬಿಡುತ್ತಿದ್ದರು: “ಇದು ಹಾಡೇನ್ರೀ? ಯಾರೋ ಜಗಳ ಆಡ್ತಾ ಇದಾರೆ.”

97.1 ಎಂದರೆ ಹಾಟ್ 97. ಅದಕ್ಕೂ ಮುಂಚೆ ಡಾನ್ಸ್ ಸಂಗೀತ ಹಾಕುತ್ತಿದ್ದ ಆ ಸ್ಟೇಷನ್ ತೊಂಬತ್ತರ ದಶಕದ ಮೊದಲ ಭಾಗದಲ್ಲಿ ಹಿಪ್-ಹಾಪ್‌ಗೆ ತಿರುಗಿಕೊಂಡಿತ್ತು. ಆಗಿನ ನ್ಯೂಯಾರ್ಕ್ ರೇಡಿಯೋದಲ್ಲಿ, ಮದುವೆ ಮನೆಯ ಪಂಕ್ತಿಯ ಹಾಗೆ, ಯಾರು ಎಲ್ಲಿ ಕೂರಬೇಕೆಂದು ಎಲ್ಲರಿಗೂ ಗೊತ್ತಿತ್ತು. ಐವತ್ತು-ಅರವತ್ತರ ದಶಕದ ಹಾಡು ಬೇಕಾದವರಿಗೆ 101.1ರ ಡಬ್ಲ್ಯೂಸಿಬಿಎಸ್-ಎಫ್‌ಎಂ. ಆಫೀಸಿನಲ್ಲಿ ಮೆಲ್ಲಗೆ ಹಾಕಿಟ್ಟುಕೊಳ್ಳಲು 106.7ರ ಲೈಟ್ ಎಫ್‌ಎಂ. ಶಾಲೆಯ ಮಕ್ಕಳಿಗೆ ಜ಼ೀ100. ಹಾಟ್ 97 ಬ್ರಾಂಕ್ಸ್, ಬ್ರೂಕ್ಲಿನ್, ನ್ಯೂವಾರ್ಕ್‌ನ ಹುಡುಗರದ್ದು ಎಂಬುದು ನಮ್ಮೆಲ್ಲರ ತಿಳಿವಳಿಕೆ. ಆ ದಿನಗಳಲ್ಲಿ ಅಮೆರಿಕದ ಎಷ್ಟೋ ಸ್ಟೇಷನ್ನುಗಳು “ನಮ್ಮಲ್ಲಿ ರ‍್ಯಾಪ್ ಬರುವುದಿಲ್ಲ” ಎಂಬುದನ್ನೇ ಜಾಹೀರಾತು ಮಾಡಿಕೊಂಡು ದೊಡ್ಡವರನ್ನು ಕರೆಯುತ್ತಿದ್ದವು.

ಈ ವಿಂಗಡಣೆ ನನಗೆ ಮೊದಲಿನಿಂದಲೂ ವಿಚಿತ್ರ ಅನ್ನಿಸಿತ್ತು. ದಾವಣಗೆರೆಯ ನಮ್ಮ ಮನೆಯಲ್ಲಿ ಇದ್ದದ್ದು ಒಂದೇ ರೇಡಿಯೋ. ವಿವಿಧ ಭಾರತಿಯಲ್ಲಿ ಚಿತ್ರಗೀತೆ ಬಂದರೆ ಅಪ್ಪನೂ ಕೇಳುತ್ತಿದ್ದರು, ಅಜ್ಜಿಯೂ ಕೇಳುತ್ತಿದ್ದರು, ನಾವೂ ಕೇಳುತ್ತಿದ್ದೆವು. ರಾಜಕುಮಾರ್ ಚಿತ್ರದ ಹಾಡನ್ನು ಯಾವ ವಯಸ್ಸಿನವರು ಕೇಳಬೇಕು ಎಂದು ಯಾರೂ ಕೇಳಿದವರಿಲ್ಲ. ಅಮೆರಿಕದಲ್ಲಿ ಜಾಹೀರಾತುದಾರರು ಕೇಳುತ್ತಿದ್ದರು. 25ರಿಂದ 54 ವರ್ಷದವರು ಎಷ್ಟು ಜನ ಕೇಳುತ್ತಾರೆ ಎಂಬುದರ ಮೇಲೆ ದರ ನಿಗದಿ. ಹಾಡಿಗೆ ವಯಸ್ಸು ಅಂಟಿಸಿದ್ದು ಕೇಳುಗರಲ್ಲ, ಲೆಕ್ಕದ ಪುಸ್ತಕ.

ನಿಜ ಹೇಳಬೇಕೆಂದರೆ ಹಿಪ್-ಹಾಪ್ ಬರೀ ಹುಡುಗರ ವ್ಯವಹಾರವಾಗಿ ಶುರುವಾಗಲೂ ಇಲ್ಲ. 1973ರ ಆಗಸ್ಟ್ 11ರಂದು ಬ್ರಾಂಕ್ಸ್‌ನ ಸೆಜ್‌ವಿಕ್ ಅವೆನ್ಯೂದ 1520ನೇ ನಂಬರಿನ ಕಟ್ಟಡದಲ್ಲಿ ಡಿಜೆ ಕೂಲ್ ಹರ್ಕ್ ತಂಗಿಯ ಪಾರ್ಟಿಗೆ ರೆಕಾರ್ಡ್ ಹಾಕಿದ್ದರಿಂದ ಅದರ ಹುಟ್ಟುಹಬ್ಬ ಎಣಿಸುತ್ತಾರೆ, ಸರಿ. ಆದರೆ ಅದನ್ನು ದೇಶದ ರೇಡಿಯೋಗೆ ತಂದದ್ದು 1979ರ ‘ರ‍್ಯಾಪರ್ಸ್ ಡಿಲೈಟ್’. ಆ ರೆಕಾರ್ಡನ್ನು ಹೊರತಂದ ಶುಗರ್ ಹಿಲ್ ಕಂಪನಿ ಇದ್ದದ್ದು ನಮ್ಮ ನ್ಯೂಜೆರ್ಸಿಯ ಎಂಗಲ್‌ವುಡ್‌ನಲ್ಲಿ. ಅದನ್ನು ಮಾಡಿಸಿದ ಸಿಲ್ವಿಯಾ ರಾಬಿನ್ಸನ್ ಸ್ವತಃ ಹಾಡುಗಾರ್ತಿ, ಆಗಲೇ ನಲವತ್ತು ದಾಟಿದ ಹೆಂಗಸು. ಎಂಬತ್ತರ ದಶಕದ ಮೊದಲಲ್ಲಿ ನ್ಯೂಯಾರ್ಕ್‌ನ ಡಬ್ಲ್ಯೂಬಿಎಲ್‌ಎಸ್‌ನಲ್ಲಿ ಮಿಸ್ಟರ್ ಮ್ಯಾಜಿಕ್, 98.7 ಕಿಸ್‌ನಲ್ಲಿ ರೆಡ್ ಅಲರ್ಟ್ ವಾರಾಂತ್ಯದ ರಾತ್ರಿ ರ‍್ಯಾಪ್ ಹಾಕುತ್ತಿದ್ದರು. ಹಗಲಿಗೆ ಅದಕ್ಕೆ ಪ್ರವೇಶ ಕಡಿಮೆ. ಆ ರಾತ್ರಿ ಕ್ಯಾಸೆಟ್ಟಿನಲ್ಲಿ ರೆಕಾರ್ಡ್ ಮಾಡಿಕೊಂಡು ಕೇಳಿದ ಹದಿನಾರರ ಹುಡುಗರು ಈಗ ಅರವತ್ತರ ಹತ್ತಿರ ಇದ್ದಾರೆ. ಸಂಬಳ, ಸಕ್ಕರೆ ಕಾಯಿಲೆ, ಮೊಮ್ಮಕ್ಕಳು ಎಲ್ಲ ಇವೆ. ಅವರು ಹಾಟ್ 97 ಕೇಳಿದರೆ “ದೊಡ್ಡವರು ಹುಡುಗರ ಸಂಗೀತ ಕೇಳುತ್ತಿದ್ದಾರೆ” ಎನ್ನುವುದರಲ್ಲಿ ಅರ್ಥವಿಲ್ಲ. ಅದು ಅವರದ್ದೇ ಸಂಗೀತ.

ನನ್ನಂಥವರ ಕಥೆ ಬೇರೆ. ನಮಗೆ ಅದು ಹರೆಯದ ಸಂಗೀತವಲ್ಲ. ನಮ್ಮನ್ನು ಆ ಸ್ಟೇಷನ್ನುಗಳಿಗೆ ಸೇರಿಸಿದ್ದು ಹಿಂದಿನ ಸೀಟು.

ಮಗಳು ಮಿಡ್ಲ್ ಸ್ಕೂಲಿಗೆ ಬಂದ ಮೇಲೆ ಕಾರಿನ ಸುದ್ದಿ ಸ್ಟೇಷನ್ ಮುಗಿಯಿತು. “ಅಮ್ಮಾ, ಜ಼ೀ100 ಹಾಕು” ಎನ್ನುವುದರಿಂದ ಬೆಳಿಗ್ಗೆ ಶುರು. 100.3ರ ಆ ಸ್ಟೇಷನ್ನಿನ ಪರವಾನಗಿ ನ್ಯೂವಾರ್ಕ್ ಊರಿನದ್ದು. 1983ರ ಆಗಸ್ಟ್‌ನಲ್ಲಿ ಸಿಕಾಕಸ್‌ನ ಸ್ಟುಡಿಯೋದಿಂದ ಹೊಸದಾಗಿ ಶುರುವಾಗಿ 74 ದಿನಗಳಲ್ಲಿ ಕೊನೆಯ ಸ್ಥಾನದಿಂದ ಮೊದಲ ಸ್ಥಾನಕ್ಕೆ ಬಂದದ್ದು ಅಲ್ಲಿಯ ರೇಡಿಯೋದವರು ಇಂದಿಗೂ ಹೇಳಿಕೊಳ್ಳುವ ಮಾತು. ಇಂಥ ಸ್ಟೇಷನ್ನಿನ ಲೆಕ್ಕಾಚಾರ ಸರಳ. ಹಾಡುಗಳು ಕೆಲವೇ. ಜೋರಾಗಿ ಓಡುತ್ತಿರುವ ಹಾಡನ್ನು ಎರಡು-ಎರಡೂವರೆ ಗಂಟೆಗೊಮ್ಮೆ ಮತ್ತೆ ಹಾಕುತ್ತಾರೆ. ಮಗಳನ್ನು ಶಾಲೆಗೆ ಬಿಡುವಾಗ ಒಮ್ಮೆ, ಆಫೀಸಿನಿಂದ ಬರುವಾಗ ಒಮ್ಮೆ, ಪಟೇಲ್ ಬ್ರದರ್ಸ್‌ನಿಂದ ಅಕ್ಕಿ ಮೂಟೆ ತರುವಾಗ ಇನ್ನೊಮ್ಮೆ. ಕಲಿಯಬೇಕೆಂದು ಯಾರೂ ಕಲಿಯುವುದಿಲ್ಲ. ತಿಂಗಳಾಗುವಷ್ಟರಲ್ಲಿ ಸೊಂಟದ ಮೇಲೆ ಕೈ ಇಟ್ಟುಕೊಂಡು ಸಾರಿಗೆ ಒಗ್ಗರಣೆ ಹಾಕುತ್ತಾ ಬಿಯಾನ್ಸೆ ಗುನುಗುವ ಹಾಗಾಗಿರುತ್ತದೆ.

ಅಪ್ಪ-ಅಮ್ಮಂದಿರು ಇದನ್ನು ಸಹಿಸಿಕೊಂಡದ್ದಕ್ಕೆ ಇನ್ನೊಂದು ಕಾರಣ ಸರ್ಕಾರದ ನಿಯಮ. ಬೆಳಿಗ್ಗೆ 6ರಿಂದ ರಾತ್ರಿ 10ರವರೆಗೆ ಅಸಭ್ಯ ಪದ ಪ್ರಸಾರ ಮಾಡಿದರೆ ಅಲ್ಲಿ ದಂಡ ಬೀಳುತ್ತದೆ. ಆದ್ದರಿಂದ ರೇಡಿಯೋಗೆ ಬರುವ ರ‍್ಯಾಪ್ ತೊಳೆದು ಬಂದದ್ದು. ಬೈಗುಳ ಇರುವ ಜಾಗದಲ್ಲಿ ಸದ್ದು ಅಡಗಿಸಿರುತ್ತಾರೆ, ತಾಳ ಮಾತ್ರ ಓಡುತ್ತದೆ. ಆ ಖಾಲಿ ಜಾಗದಲ್ಲಿ ಏನಿತ್ತೆಂದು ಹಿಂದಿನ ಸೀಟಿಗೆ ಗೊತ್ತು, ಮುಂದಿನ ಸೀಟಿಗೆ ಗೊತ್ತಿಲ್ಲ ಎಂದು ಇಬ್ಬರೂ ನಟಿಸುತ್ತಿದ್ದೆವು. ಸಂಸಾರ ಸಾಗುತ್ತಿತ್ತು.

ಶಾಲೆಯ ಗೇಟಿನಲ್ಲಿ ಮಗಳು ಇಳಿದ ಮೇಲೆ ಆಫೀಸಿಗೆ ಇನ್ನೂ ಅರ್ಧ ಗಂಟೆಯ ದಾರಿ. ಬಟನ್ ಕೈಗೆಟಕುವಷ್ಟೇ ದೂರ. ನಾನು ಒತ್ತುತ್ತಿರಲಿಲ್ಲ. ಆ ಹಾಡುಗಳು ಅಷ್ಟು ಚೆನ್ನಾಗಿದ್ದವು ಎಂದಲ್ಲ. ಎಲ್ವಿಸ್ ಡ್ಯುರಾನ್ ಎಂಬಾತ 1996ರಿಂದ ಅಲ್ಲಿ ಬೆಳಗಿನ ಕಾರ್ಯಕ್ರಮ ನಡೆಸುತ್ತಿದ್ದಾನೆ. ಅದರಲ್ಲಿ ಹಾಡಿಗಿಂತ ಹರಟೆ ಹೆಚ್ಚು, ಆ ಹರಟೆ ಶಾಲೆಯ ಮಕ್ಕಳದ್ದಲ್ಲ. ಗಂಡ-ಹೆಂಡತಿ, ಬಾಡಿಗೆ, ಬಾಸು, ಡಯಟ್ಟು. ಕಾರಿನಲ್ಲಿ ಒಬ್ಬರೇ ಇರುವವರಿಗೆ ಬೇಕಾದ ಮಾತು ಅದು. ಹುಡುಗರ ಸ್ಟೇಷನ್ ಎಂಬ ಬೋರ್ಡಿನ ಕೆಳಗೆ ಕೆಲಸಕ್ಕೆ ಹೊರಟವರಿಗಾಗಿ ಕಾರ್ಯಕ್ರಮ ಮಾಡುತ್ತಿದ್ದರು. ಇದು ಹೊಸ ಉಪಾಯವೇನಲ್ಲ, ರೇಡಿಯೋಗೆ ಯಾವತ್ತಿದ್ದರೂ ದುಡ್ಡು ಬರುವುದು ಬೆಳಿಗ್ಗೆ-ಸಂಜೆ ಸ್ಟೀರಿಂಗ್ ಹಿಡಿದವರಿಂದಲೇ.

ಹೀಗೆ ಬಟನ್ ಒತ್ತದವರು ಎಷ್ಟು ಜನ ಎಂದು ಬಹಳ ಕಾಲ ಲೆಕ್ಕ ಸಿಗುತ್ತಿರಲಿಲ್ಲ. ಆರ್ಬಿಟ್ರಾನ್ ಕಂಪನಿ ಆಯ್ದ ಮನೆಗಳಿಗೆ ಡೈರಿ ಕಳಿಸುತ್ತಿತ್ತು. ವಾರವಿಡೀ ಏನು ಕೇಳಿದಿರಿ, ನೆನಪಿನಿಂದ ಬರೆಯಿರಿ. ಐವತ್ತರ ಮೇಷ್ಟ್ರು ಅದರಲ್ಲಿ ಸುದ್ದಿ ಸ್ಟೇಷನ್ ಬರೆಯುತ್ತಾರೆಯೇ ಹೊರತು ಜ಼ೀ100 ಬರೆಯುತ್ತಾರೆಯೇ? 2007ರಲ್ಲಿ ಫಿಲಡೆಲ್ಫಿಯಾ, ಹ್ಯೂಸ್ಟನ್‌ಗಳಲ್ಲಿ, ಆಮೇಲೆ ನ್ಯೂಯಾರ್ಕ್‌ನಲ್ಲಿ ಡೈರಿಯ ಬದಲು ಪೇಜರ್ ಗಾತ್ರದ ಉಪಕರಣ ಬಂತು. ಸ್ಟೇಷನ್ನಿನ ಧ್ವನಿಯಲ್ಲೇ ಅಡಗಿಸಿಟ್ಟ, ಕಿವಿಗೆ ಕೇಳಿಸದ ಸಂಕೇತವನ್ನು ಅದು ಹಿಡಿದುಕೊಳ್ಳುತ್ತದೆ. ಅಂಗಡಿಯಲ್ಲಿ ಕಿವಿಗೆ ಬಿದ್ದದ್ದು, ಮಗಳಿಗಾಗಿ ಹಾಕಿದ್ದು, ಅವಳು ಇಳಿದ ಮೇಲೂ ಹಾಗೇ ಬಿಟ್ಟದ್ದು ಎಲ್ಲವೂ ಎಣಿಕೆಗೆ ಬಂತು. ಜನ ಡೈರಿಯಲ್ಲಿ ಬರೆಯುತ್ತಿದ್ದುದಕ್ಕಿಂತ ಹೆಚ್ಚು ಸ್ಟೇಷನ್ನುಗಳನ್ನು, ಸ್ವಲ್ಪ ಸ್ವಲ್ಪ ಹೊತ್ತು ಕೇಳುತ್ತಾರೆ ಎಂಬುದು ಗೊತ್ತಾಯಿತು. ಪಾಪ್ ಸ್ಟೇಷನ್ನುಗಳಿಗೆ ಇದರಿಂದ ಲಾಭವಾಯಿತು. ಕಪ್ಪು ಜನರ ಹಾಗೂ ಹಿಸ್ಪ್ಯಾನಿಕ್ ಸ್ಟೇಷನ್ನುಗಳ ರೇಟಿಂಗ್ ಮಾತ್ರ ಕುಸಿಯಿತು. ಈ ಉಪಕರಣ ಕೊಟ್ಟ ಮನೆಗಳ ಆಯ್ಕೆಯೇ ಸರಿಯಿಲ್ಲ ಎಂದು 2008ರಲ್ಲಿ ನ್ಯೂಯಾರ್ಕ್, ನ್ಯೂಜೆರ್ಸಿ ರಾಜ್ಯಗಳು ಕೋರ್ಟಿಗೆ ಹೋದವು. ಮರುವರ್ಷ ರಾಜಿಯಾಯಿತು. ಯಂತ್ರ ಬಂದ ಮಾತ್ರಕ್ಕೆ ಎಣಿಕೆ ನ್ಯಾಯವಾಗುವುದಿಲ್ಲ ಎಂಬುದಕ್ಕೆ ಇದೊಂದು ಸಾಕ್ಷಿ.

ಹಳೆಯ ಪಂಕ್ತಿಗಳು ಆಮೇಲೆ ಒಂದೊಂದಾಗಿ ಕಲಸಿಹೋದವು. ಡಬ್ಲ್ಯೂಸಿಬಿಎಸ್-ಎಫ್‌ಎಂ 2005ರ ಜೂನ್‌ನಲ್ಲಿ ದಿಢೀರನೆ ಹಳೆಯ ಹಾಡು ನಿಲ್ಲಿಸಿತು. 2007ರ ಜುಲೈನಲ್ಲಿ ವಾಪಸು ಬಂದಾಗ ಐವತ್ತರ ದಶಕ ಬಹುಮಟ್ಟಿಗೆ ಜಾಗ ಖಾಲಿ ಮಾಡಿತ್ತು. ಈಗ ಅದರಲ್ಲಿ ಎಂಬತ್ತರ, ತೊಂಬತ್ತರ ಪಾಪ್ ಬರುತ್ತದೆ. ಎಂದರೆ ನನ್ನ ಕಾರ್‌ಪೂಲಿನವರು ಬೇಡವೆಂದು ದಾಟಿಸಿ ಹೋಗುತ್ತಿದ್ದ ಹಾಡುಗಳೇ ಈಗ ‘ಹಳೆಯ ಹಾಡು’. ಕಿಸ್ 2012ರಲ್ಲಿ ಮುಚ್ಚಿತು. 2014ರ ಅಕ್ಟೋಬರ್‌ನಲ್ಲಿ ಹ್ಯೂಸ್ಟನ್‌ನ ಸ್ಟೇಷನ್ನೊಂದು ಸುದ್ದಿ ಬಿಟ್ಟು ಹಳೆಯ ಹಿಪ್-ಹಾಪ್ ಹಾಕತೊಡಗಿತು. ಕೆಲವೇ ತಿಂಗಳಲ್ಲಿ ಬೇರೆ ಊರುಗಳೂ ಅದನ್ನು ಅನುಸರಿಸಿದವು. 2022ರ ಫೆಬ್ರವರಿಯಲ್ಲಿ ಸೂಪರ್ ಬೌಲ್ ಪಂದ್ಯದ ಮಧ್ಯಂತರದಲ್ಲಿ ಡಾ. ಡ್ರೆ, ಸ್ನೂಪ್ ಡಾಗ್, ಎಮಿನೆಮ್, ಮೇರಿ ಜೆ. ಬ್ಲೈಜ್ ಹಾಡಿದರು. ನಾಲ್ವರೂ ಐವತ್ತರ ಆಸುಪಾಸಿನವರು. ಎದುರಿಗೆ ಕುಣಿದವರಲ್ಲೂ ತಲೆ ನರೆತವರು ಬೇಕಾದಷ್ಟಿದ್ದರು.

ರಾಜಕಾರಣಿಗಳಿಗೆ ಇದು ಮೊದಲೇ ಗೊತ್ತಾಗಿತ್ತು. ಪವರ್ 105.1 ಎಂಬ ಹಿಪ್-ಹಾಪ್ ಸ್ಟೇಷನ್ನಿನಲ್ಲಿ 2010ರ ಕೊನೆಗೆ ಶುರುವಾದ ‘ದಿ ಬ್ರೇಕ್‌ಫಾಸ್ಟ್ ಕ್ಲಬ್’ ಎಂಬ ಬೆಳಗಿನ ಕಾರ್ಯಕ್ರಮಕ್ಕೆ 2016ರಲ್ಲಿ ಹಿಲರಿ ಕ್ಲಿಂಟನ್ ಹೋದರು, 2020ರಲ್ಲಿ ಜೋ ಬೈಡನ್ ಮಾತಾಡಿದರು. ಬೈಡನ್ ಆಡಿದ ಒಂದು ಮಾತಿಗೆ ಅದೇ ದಿನ ವಿಷಾದ ಹೇಳಬೇಕಾಯಿತು. ಮತವಿಲ್ಲದ ಮಕ್ಕಳನ್ನು ಒಲಿಸಲು ಅಧ್ಯಕ್ಷ ಹುದ್ದೆಯ ಅಭ್ಯರ್ಥಿಗಳು ಅಷ್ಟು ಶ್ರಮ ಪಡುವುದಿಲ್ಲ.

ಈಗ ಮಗಳಿಗೆ ಸ್ವಂತ ಕಾರಿದೆ. ಅವಳ ಕಾರಿನಲ್ಲಿ ರೇಡಿಯೋ ಹಾಕಿದ್ದನ್ನು ನಾನು ನೋಡಿಲ್ಲ. ಹತ್ತಿದ ಕೂಡಲೇ ಫೋನು ಜೋಡಿಸುತ್ತಾಳೆ, ಸ್ಪಾಟಿಫೈಯಲ್ಲಿ ಅವಳದ್ದೇ ಪಟ್ಟಿ. ಅವಳ ಓರಗೆಯವರೆಲ್ಲ ಹಾಗೆಯೇ. ನನ್ನ ಮೈಸೂರಿನ ಗೆಳೆಯರು ನಿವೃತ್ತರಾಗಿದ್ದಾರೆ. 1010 ವಿನ್ಸ್ 2022ರಲ್ಲಿ ಎಫ್‌ಎಂಗೂ ಬಂತು, ಆದರೆ ದಾರಿ ಹೇಳಲು ಅವರಿಗೆ ಈಗ ಫೋನಿದೆ. ಕಳೆದ ಸಲ ಅವರ ಜೊತೆ ಕನ್ನಡ ಕೂಟದ ಯುಗಾದಿ ಊಟಕ್ಕೆ ಹೋಗುವಾಗ ಕಾರಿನಲ್ಲಿ ಅಶರ್‌ನ ಹಾಡು ಬರುತ್ತಿತ್ತು. ಕೇಳಿದೆ. “ಮಗ ಹಾಕಿಟ್ಟಿದ್ದು, ನಾನು ಬದಲಾಯಿಸ್ಲಿಲ್ಲ” ಎಂದರು. ಮಗ ಮನೆ ಬಿಟ್ಟು ಟೆಕ್ಸಸ್‌ಗೆ ಹೋಗಿ ಎಷ್ಟೋ ವರ್ಷವಾಯಿತು.

ದೊಡ್ಡವರು ಈ ಸ್ಟೇಷನ್ನುಗಳಿಗೆ ಹೋದದ್ದು ಹರೆಯ ಮರಳಿ ಪಡೆಯಲು ಎಂದು ಬರೆಯುವವರಿದ್ದಾರೆ. ನಾನು ಕಂಡಂತೆ ಅದು ಹಾಗಲ್ಲ. ಕೆಲವರು ಆ ಹಾಡಿನ ಜೊತೆಗೇ ದೊಡ್ಡವರಾದರು. ಕೆಲವರನ್ನು ಮಕ್ಕಳು ಅಲ್ಲಿಗೆ ಕರೆದೊಯ್ದು ಬಿಟ್ಟುಬಂದರು. ಮಿಕ್ಕವರಿಗೆ ಸ್ಟೇಷನ್ ಬದಲಿಸುವಷ್ಟು ಬೇಸರವಾಗಲಿಲ್ಲ. ನಂಬಿಕೆ ಬಾರದಿದ್ದರೆ ಹಾಡು ಬಿಡಿ, ನಡುವೆ ಬರುವ ಜಾಹೀರಾತು ಕೇಳಿ: ಮನೆ ಸಾಲ, ಕಾರಿನ ವಿಮೆ, ಮಂಡಿ ನೋವಿನ ಆಸ್ಪತ್ರೆ, ಅಪಘಾತದ ವಕೀಲರು. ಸ್ಟೇಷನ್ ಯಾರದ್ದೆಂಬುದು ಅಲ್ಲಿ ಸ್ಪಷ್ಟವಾಗಿ ಕೇಳಿಸುತ್ತದೆ.