ಐದು ಸ್ಟಾರು, ಒಂದು ಫೋನು

ಹೊಸಪೇಟೆಯ ನಮ್ಮ ಓಣಿ ತುದಿಯಲ್ಲಿ ಒಂದು ಒಗ್ಗರಣಿ-ಮಿರ್ಚಿ ಅಂಗಡಿ ಇದೆ. ಮಿರ್ಚಿ ತಣ್ಣಗಾಗಿದ್ದರೆ ಯಾರೂ ಸುಮ್ಮನಿರಲ್ಲ. "ಏನಜ್ಜಾ, ಇದು ನಿನ್ನೇದೇನು?" ಅಂತ ಎಲ್ಲರೆದುರೇ ಕೇಳ್ತಾರೆ. ಅಜ್ಜ ಗೊಣಗುತ್ತಲೇ ಬಾಣಲಿಯಿಂದ ಬಿಸಿದೊಂದು ತೆಗೆದು ತಟ್ಟೆಗೆ ಹಾಕ್ತಾನೆ. ಬೆಂಚಿನ ಮೇಲೆ ಕೂತವರೆಲ್ಲ ದೂರನ್ನೂ ಕೇಳಿರ್ತಾರೆ, ಬಿಸಿ ಮಿರ್ಚಿ ಬಂದದ್ದನ್ನೂ ನೋಡಿರ್ತಾರೆ. ಆನ್‌ಲೈನ್ ಕೋರ್ಸಿನ ಅಂಗಡಿಗೆ ಈ ಬೆಂಚು ಇಲ್ಲ ಅಂತ ನನಗೆ ಗೊತ್ತಾಗಿದ್ದು ತಡವಾಗಿ.

ಕಂಪ್ಲಿಯಲ್ಲಿರೋ ನಮ್ಮಕ್ಕನ ಮಗಳು ಏಳನೇ ಕ್ಲಾಸು, ಕನ್ನಡ ಮೀಡಿಯಂ. ಗಣಿತ ಅಂದ್ರೆ ಹೊಟ್ಟೆನೋವು ಬರೋ ಹುಡುಗಿ. ಮೊಬೈಲಲ್ಲಿ ಜಾಹೀರಾತು ನೋಡಿ ನಂಬರ್ ಒತ್ತಿದಳು, ಮರುದಿನವೇ ಕಂಪನಿಯ ಹುಡುಗ ಫೋನ್ ಮಾಡಿದ. "ನೀನೇ ಮಾತಾಡಪ್ಪ, ನನಗೆ ಇವೆಲ್ಲ ತಿಳಿಯಂಗಿಲ್ಲ" ಅಂದಳು ಅಕ್ಕ. ಡೆಮೊ ಕ್ಲಾಸು ನಿಜಕ್ಕೂ ಚೆನ್ನಾಗಿತ್ತು. ಮೇಡಂ ಕನ್ನಡದಲ್ಲೇ ಮಾತಾಡಿದರು, ರೊಟ್ಟಿ ಮುರಿದು ತೋರಿಸಿ ಭಿನ್ನರಾಶಿ ಹೇಳಿಕೊಟ್ಟರು. ವರ್ಷಕ್ಕೆ 24,000 ರೂಪಾಯಿ. "ಸಾರ್, ಈಗಲೇ ಐದು ಸ್ಟಾರ್ ಹಾಕಿ ಎರಡು ಸಾಲು ಬರೆದು ಸ್ಕ್ರೀನ್‌ಶಾಟ್ ಕಳಿಸಿದ್ರೆ 2,000 ಕಮ್ಮಿ ಮಾಡಿಸ್ತೀನಿ" ಅಂದ ಹುಡುಗ.

ಕಳಿಸಿದೆ. "ನಮ್ಮ ಹುಡುಗಿಗೆ ಗಣಿತದ ಭಯವೇ ಹೋಯಿತು" ಅಂತ ಬರೆದೆ. ಅವಳು ಆಗ ಕಲಿತಿದ್ದು ಒಂದೇ ಒಂದು ಕ್ಲಾಸು, ಅದೂ ಬಿಟ್ಟಿಯದು.

ಎರಡನೇ ವಾರಕ್ಕೆ ಆ ಮೇಡಂ ಮಾಯ. ಆಮೇಲೆ ಬಂದದ್ದೆಲ್ಲ ಇಂಗ್ಲಿಷ್ ವಿಡಿಯೋ, ನಡುವೆ ಅಲ್ಲಲ್ಲಿ ಕನ್ನಡದ ಒಂದೆರಡು ಪದ. ಡೌಟ್ ಕೇಳಿದರೆ ಟಿಕೆಟ್ ನಂಬರ್ ಬರುತ್ತೆ, ಉತ್ತರ ಬರಲ್ಲ. ದುಡ್ಡು ವಾಪಸ್ ಕೇಳಿದರೆ "ಹದಿನೈದು ದಿನದ ಅವಧಿ ಮುಗಿದಿದೆ ಸಾರ್." ಎರಡು ತಿಂಗಳು ಹೀಗೇ ಹೋಯ್ತು. ಕಡೆಗೆ ಒಂದು ರಾತ್ರಿ ಸಿಟ್ಟಿಗೆ ಐದು ಸ್ಟಾರ್ ತೆಗೆದು ಒಂದು ಸ್ಟಾರ್ ಹಾಕಿ, ನಡೆದದ್ದನ್ನೆಲ್ಲ ಬರೆದೆ.

ಬೆಳಗ್ಗೆ ಹತ್ತಕ್ಕೆ ಫೋನ್! ಎರಡು ತಿಂಗಳು ಟಿಕೆಟ್ಟಿಗೆ ಸಿಗದ ಮನುಷ್ಯರು ಒಂದು ಸ್ಟಾರಿಗೆ ಸಿಕ್ಕರು. ಧ್ವನಿ ಬೆಣ್ಣೆಯಂಗಿತ್ತು. "18,000 ವಾಪಸ್ ಹಾಕಿಸ್ತೀವಿ ಸಾರ್. ಆ ಕಾಮೆಂಟ್ ಅಳಿಸಿ, ಅಳಿಸಿದ್ದರ ಸ್ಕ್ರೀನ್‌ಶಾಟ್ ಕಳಿಸಿ."

ಈ ವಿನಯದ ಗುಟ್ಟು ಆಮೇಲೆ ಹೊಳೀತು. ಆ್ಯಪ್ ಸ್ಟೋರಿನಲ್ಲಿ ನಾವು ಬರೆದದ್ದನ್ನು ಕಂಪನಿ ತಾನಾಗಿ ಅಳಿಸೋಕೆ ಆಗಲ್ಲ. ಸ್ಟೋರಿನವರಿಗೆ ದೂರು ಕೊಡಬಹುದು, ಇಲ್ಲಾ ಬರೆದವನ ಕೈಯಿಂದಲೇ ಅಳಿಸಬೇಕು. ಅದಕ್ಕೇ ಫೋನು. ಬೇರೆಯವರು ಬರೆದದ್ದನ್ನೂ ಕೂತು ಓದಿದೆ. ಪ್ರತಿ ಒಂದು ಸ್ಟಾರಿನ ಕೆಳಗೂ ಕಂಪನಿಯದು ಅದೇ ಉತ್ತರ, ಹೆಸರು ಮಾತ್ರ ಬೇರೆ: ಕ್ಷಮಿಸಿ, ನಮಗೆ ಮೇಲ್ ಮಾಡಿ. ಮೇಲ್ ಮಾಡಿದ ಮೇಲೆ ಏನಾಯ್ತು ಅನ್ನೋದು ಬೆಂಚಿನ ಮೇಲೆ ಕೂತವರಿಗೆ ಕಾಣಲ್ಲ.

ಕಮಲಾಪುರದಲ್ಲಿ ನನ್ನ ದಾಯಾದಿಯೊಬ್ಬ ಹಂಪಿಗೆ ಬರೋರಿಗೆ ನಾಲ್ಕು ರೂಮ್ ಬಾಡಿಗೆ ಕೊಡ್ತಾನೆ. ಗೀಸರ್ ಕೆಟ್ಟಿತ್ತು ಅಂತ ಒಬ್ಬರು ಎರಡು ಸ್ಟಾರ್ ಕೊಟ್ಟಾಗ ಊಟ ಬಿಟ್ಟಿದ್ದ ಮಾರಾಯ. ಆದರೆ ಅದರ ಕೆಳಗೇ "ಹೌದು ಕೆಟ್ಟಿತ್ತು, ಹೊಸದು ಹಾಕಿಸಿದ್ದೀನಿ" ಅಂತ ಬರೆದ. ಇವತ್ತೂ ಅದು ಅಲ್ಲೇ ಇದೆ. ಬಂದವರು ಓದಿ ನಗ್ತಾರೆ, ಬಿಸಿನೀರೂ ಸ್ನಾನ ಮಾಡ್ತಾರೆ.

ಫೋನಿಗೆ ಬಗ್ಗದವರಿಗೆ ಏನಾಗುತ್ತೆ ಅಂತ ನಮ್ಮ ದೇಶ 2020ರಲ್ಲೇ ನೋಡಿದೆ. ಮಕ್ಕಳಿಗೆ ಕೋಡಿಂಗ್ ಕಲಿಸೋ ವೈಟ್‌ಹ್ಯಾಟ್ ಜೂನಿಯರ್ ಅನ್ನೋ ಕಂಪನಿಯನ್ನು ಆ ವರ್ಷದ ಆಗಸ್ಟಿನಲ್ಲಿ ಬೆಂಗಳೂರಿನ ಬೈಜೂಸ್ 30 ಕೋಟಿ ಡಾಲರಿಗೆ ಕೊಂಡಿತ್ತು. ವುಲ್ಫ್ ಗುಪ್ತಾ ಅನ್ನೋ ಪುಟ್ಟ ಹುಡುಗನಿಗೆ ಗೂಗಲ್ಲಿನಲ್ಲಿ ಕೋಟಿಗಟ್ಟಲೆ ಸಂಬಳ ಅಂತ ಇವರ ಜಾಹೀರಾತು. ಅಂಥ ಹುಡುಗ ಇರಲೇ ಇಲ್ಲ. ಪ್ರದೀಪ್ ಪೂನಿಯಾ ಎಂಬ ಇಂಜಿನಿಯರ್ ಕಂಪನಿಯನ್ನು ಟೀಕಿಸಿ ವಿಡಿಯೋ ಮಾಡುತ್ತಾ ಹೋದರು, ಒಂದೊಂದಾಗಿ ಅವು ಯೂಟ್ಯೂಬಿನಿಂದ ಇಳಿಯುತ್ತಾ ಹೋದವು. ನವೆಂಬರಿನಲ್ಲಿ ಅವರ ಮೇಲೆ ದೆಹಲಿ ಹೈಕೋರ್ಟಿನಲ್ಲಿ ಮಾನಹಾನಿ ದಾವೆ ಬಿತ್ತು, ಕೇಳಿದ ಪರಿಹಾರ 20 ಕೋಟಿ ರೂಪಾಯಿ. 2021ರ ಮೇ ತಿಂಗಳಲ್ಲಿ ಕಂಪನಿಯೇ ದಾವೆ ವಾಪಸ್ ಪಡೀತು. ಆದರೆ 20 ಕೋಟಿ ಅನ್ನೋ ಅಂಕಿ ಕೇಳಿದ ಮೇಲೆ ಕಂಪ್ಲಿಯ ಯಾವ ತಾಯಿ ಬಾಯಿ ಬಿಡ್ತಾಳೆ ಹೇಳಿ?

ಅದೇ 2021ರ ಡಿಸೆಂಬರಿನಲ್ಲಿ ಕೇಂದ್ರ ಶಿಕ್ಷಣ ಇಲಾಖೆ ಪೋಷಕರಿಗೆ ಒಂದು ಎಚ್ಚರಿಕೆ ಪತ್ರ ಹೊರಡಿಸಿತ್ತು. ಇಂಥ ಕಂಪನಿಗಳು ಹೇಳೋ ಯಶೋಗಾಥೆಗಳನ್ನು ಕಣ್ಣುಮುಚ್ಚಿ ನಂಬಬೇಡಿ, ಖಾತೆಯಿಂದ ತಾನಾಗಿ ದುಡ್ಡು ಕಟ್ಟಾಗೋ ವ್ಯವಸ್ಥೆಗೆ ಒಪ್ಪಬೇಡಿ ಅಂತ. ಮರುವರ್ಷ ನವೆಂಬರಿನಲ್ಲಿ ಆನ್‌ಲೈನ್ ವಿಮರ್ಶೆಗಳಿಗೆಂದೇ ಐಎಸ್ 19000 ಅನ್ನೋ ಮಾನಕವೂ ಬಂತು. ದುಡ್ಡು ಕೊಟ್ಟು ಬರೆಸಿದ್ದನ್ನು ಪ್ರಕಟಿಸಬಾರದು ಅನ್ನುತ್ತೆ ಅದು. ಬಂದಾಗ ಕಡ್ಡಾಯ ಅಂತ ಮಾಡಲಿಲ್ಲ, ಇಷ್ಟವಿದ್ದೋರು ಪಾಲಿಸಲಿ ಅಂತ ಬಿಟ್ಟರು. ಆ ಪ್ರಕಾರ ನೋಡಿದರೆ 2,000 ರೂಪಾಯಿಯ ನನ್ನ ಎರಡು ಸಾಲೂ ಅದೇ ಜಾತಿ.

ಇಷ್ಟೆಲ್ಲ ಬರೆಯೋ ನಾನು ಆ ದಿನ ಏನು ಮಾಡಿದೆ? ಅಳಿಸಿದೆ. ಅಕ್ಕನ ಮನೆಯಲ್ಲಿ ಭತ್ತ ಇನ್ನೂ ಮಾರಿರಲಿಲ್ಲ, 18,000 ಸಣ್ಣ ಮೊತ್ತ ಅಲ್ಲ. ಒಂಬತ್ತು ದಿನಕ್ಕೆ ದುಡ್ಡು ಬಂತು. ಅಕ್ಕ ಹೋಳಿಗೆ ಮಾಡಿ ಕರೆದಳು, ಹೋಗಿ ಉಂಡು ಬಂದೆ.

ಸಂಡೂರಿನಿಂದ ಫೋನ್ ಬಂದದ್ದು ಅದಾಗಿ ಒಂದು ವಾರಕ್ಕೆ. ಅದಿರಿನ ಲಾರಿ ಓಡಿಸೋ ಗೆಳೆಯ. "ಅಣ್ಣಾ, ನಿಮ್ಮ ಹುಡುಗೀದು ಹೆಂಗ್ ನಡದೈತಿ? ನಮ್ಮ ಹುಡುಗಂಗೆ ಏನೂ ತಿಳಿವಲ್ದು." ನಾನು ಐದು ಸ್ಟಾರ್ ಹಾಕಿದ್ದು ನೋಡಿಯೇ ಅವನು ಮಗನನ್ನು ಸೇರಿಸಿದ್ದ. ಕೈಯಲ್ಲಿ ದುಡ್ಡಿರಲಿಲ್ಲ, ಕಂಪನಿಯವರೇ ಹನ್ನೆರಡು ಕಂತಿನ ಸಾಲ ಮಾಡಿಸಿಕೊಟ್ಟಿದ್ದರು. ಸಾಲ ಅಂತಲೂ ಅವನಿಗೆ ಗೊತ್ತಿರಲಿಲ್ಲ, ತಿಂಗಳ ಫೀಸು ಅಂದುಕೊಂಡಿದ್ದ.

ಭಾನುವಾರ ಸಂಡೂರಿಗೆ ಹೋದೆ. ಎಲ್ಲಾ ಹೇಳಿದೆ, ಅಳಿಸಿದ್ದನ್ನೂ ಸೇರಿಸಿ. ಅವನು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ನೀವು ಅಳಿಸೋಕ್ ಮುಂಚೆ ನನಗೊಂದ್ ಫೋನ್ ಮಾಡಿದ್ರ ಆಗ್ತಿತ್ತಲ್ಲಣ್ಣ" ಅಂದ. ಅಷ್ಟೇ.

ಅಲ್ಲೇ ಕೂತು ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಹಚ್ಚಿದ್ವಿ. ಕನ್ನಡದಲ್ಲೂ ಮಾತಾಡಬಹುದು. ದೂರಿನ ನಂಬರ್ ಸಿಕ್ತು. ನಾನೂ ಅದೇ ಆ್ಯಪಿಗೆ ಮತ್ತೆ ಬರೆದೆ: ಮೊದಲು ಐದು ಸ್ಟಾರ್ ಹಾಕಿದ್ದು 2,000ಕ್ಕೆ, ಆಮೇಲೆ ಅಳಿಸಿದ್ದು 18,000ಕ್ಕೆ ಅಂತ. ಊರಿಗೆ ವಾಪಸ್ ಬರೋವಾಗ ಬಸ್ಸಿನಲ್ಲಿ ಎರಡು ಸಲ ಫೋನ್ ಬಂತು, ಗೊತ್ತಿಲ್ಲದ ನಂಬರು. ಎತ್ತಲಿಲ್ಲ.

ಮೊನ್ನೆ ಐದನೇ ತಾರೀಖು ಗೆಳೆಯನ ಖಾತೆಯಿಂದ ನಾಲ್ಕನೇ ಕಂತು ಕಟ್ಟಾಗಿದೆ.