ವಸ್ತಿ

ನಮ್ಮ ಬೆಳವಣಕಿ ಕಡೆಯ ಊರುಗಳಲ್ಲಿ ವಸ್ತಿ ಬಸ್ಸಿಗೆ ಒಂದು ಮರ್ಯಾದೆ ಉಂಟು. ಹಗಲು ಹತ್ತು ಸಲ ಬಂದು ಹೋಗುವ ಬಸ್ಸನ್ನು ಕಟ್ಟೆಯ ಮೇಲೆ ಕೂತವರು ತಲೆಯೆತ್ತಿ ಸಹ ನೋಡುವುದಿಲ್ಲ. ಕತ್ತಲಾದ ಮೇಲೆ ಬಂದು, ಊರಲ್ಲೇ ಮಲಗಿ, ನಸುಕಿನಲ್ಲಿ ಎದ್ದು ಹೋಗುವ ಬಸ್ಸಿನ ಮಾತೇ ಬೇರೆ. ಅದರ ಡ್ರೈವರ್, ಕಂಡಕ್ಟರ್ ಊರ ಬೀಗರಿದ್ದ ಹಾಗೆ. ಯಾರದೋ ಮನೆಯಿಂದ ರೊಟ್ಟಿ, ಎಣ್ಣೆಗಾಯಿ ಬರುತ್ತದೆ. ಬೇಸಿಗೆಯಲ್ಲಿ ಟಾಪಿನ ಮೇಲೆ ಹಾಸಿಗೆ, ಚಳಿಗಾಲದಲ್ಲಿ ಸೀಟಿನ ಮೇಲೆ. ಹಾದುಹೋಗುವವರಿಗಿಂತ ಉಳಿದು ಹೋಗುವವರ ಮೇಲೆ ನಮ್ಮ ಮಂದಿಗೆ ಅಕ್ಕರೆ ಹೆಚ್ಚು.

ಇಂಥ ವಸ್ತಿಗೆಂದೇ ಸಿಡ್ನಿಯಲ್ಲಿರುವ ನನ್ನ ಅಕ್ಕನ ಮಗ ಹೋದ ವರ್ಷ ಕ್ಯಾಂಪರ್ ಟ್ರೇಲರ್ ಕೊಂಡ. ಕಾರಿನ ಹಿಂದೆ ಕಟ್ಟಿಕೊಂಡು ಹೋಗುವ ಎರಡು ಗಾಲಿಯ ಡಬ್ಬಿ ಅದು. ನಿಲ್ಲಿಸಿ ಮುಚ್ಚಳ ಮಗುಚಿದರೆ ಡೇರೆ ಬಿಚ್ಚಿಕೊಳ್ಳುತ್ತದೆ. ಮಗ್ಗುಲಿನಿಂದ ಎಳೆದರೆ ಒಲೆ, ಸಿಂಕು ಸಮೇತ ಅಡುಗೆಮನೆ ಹೊರಗೆ ಬರುತ್ತದೆ. ಹೊಟ್ಟೆಯಡಿ ನೀರಿನ ಟಾಕಿ. ಹೆಂಡತಿ, ಮಕ್ಕಳನ್ನು ಕಟ್ಟಿಕೊಂಡು ಸಿಡ್ನಿಯಿಂದ ದಕ್ಷಿಣಕ್ಕೆ, ಸಮುದ್ರದ ದಂಡೆಗುಂಟ ಹೋದನಂತೆ. ಊರು ದಾಟುತ್ತಲೇ ರಾಯಲ್ ನ್ಯಾಷನಲ್ ಪಾರ್ಕ್, 1879ರಷ್ಟು ಹಳೆಯದು. ಇನ್ನೂ ಮುಂದೆ ಮುರಾಮರಾಂಗ್ ಎಂಬ ರಾಷ್ಟ್ರೀಯ ಉದ್ಯಾನ. ಅಲ್ಲಿ ನೀಲಗಿರಿ ಜಾತಿಯ ಎತ್ತರದ ಮರಗಳು ಮರಳಿನ ತನಕ ಇಳಿದು ಬಂದಿವೆ, ಕಾಂಗರೂಗಳು ಸಮುದ್ರದ ಮಗ್ಗುಲಲ್ಲೇ ಹುಲ್ಲು ಮೇಯುತ್ತವೆ. 2019-20ರ ಬೇಸಿಗೆಯಲ್ಲಿ ಆ ಕರಾವಳಿಯ ಕಾಡು ಬೆಂಕಿಗೆ ಸಿಕ್ಕಿತ್ತು. ಆ ಮರಗಳು ಸುಟ್ಟ ಬೊಡ್ಡೆಯಿಂದಲೇ ಚಿಗುರು ಒಡೆಯುತ್ತವಂತೆ.

ಅವನು ಹೇಳಿದ್ದರಲ್ಲಿ ನನಗೆ ಹೆಚ್ಚು ಹಿಡಿಸಿದ್ದು ಕಾನೂನುಗಳ ಯಾದಿ. ಡೇರೆ ಹಾಕುವ ಜಾಗವನ್ನು ಮೊದಲೇ ಬುಕ್ ಮಾಡಬೇಕು. ನಾಯಿ ತರುವಂತಿಲ್ಲ. ಬೆಂಕಿ ನಿಷೇಧವಿದ್ದ ದಿನ ಕಟ್ಟಿಗೆಯ ಒಲೆ ಹೂಡುವಂತಿಲ್ಲ. ದೊಡ್ಡ ಮರದ ಕೆಳಗೆ ಮಲಗಬಾರದು, ಗಾಳಿ ಇಲ್ಲದಾಗಲೂ ಟೊಂಗೆ ಮುರಿದು ಬೀಳುತ್ತದೆ. ಎಷ್ಟೋ ಲಕ್ಷ ಸುರಿದು, ರಜೆ ಕೂಡಿಸಿಟ್ಟು, ಇಷ್ಟೆಲ್ಲ ಕಟ್ಟಳೆಗೆ ತಲೆಬಾಗಿ ಅವನು ಪಡೆದದ್ದು ಮೂರು ರಾತ್ರಿ ಬಯಲಲ್ಲಿ ಮಲಗುವ ಹಕ್ಕು.

ಅವನು ಕಳಿಸಿದ ವಿಡಿಯೋ ನೋಡುತ್ತಿದ್ದ ನಮ್ಮ ದೊಡ್ಡವ್ವ ಕನ್ನಡಕ ಏರಿಸಿ, "ಬನಶಂಕರಿಗೆ ಹೋಗೂ ನಮ್ಮ ಟ್ಯಾಕ್ಟರ್ ಇದ್ದಂಗ ಐತಲ್ಲೋ ಇದು! ಆದ್ರ ಮಂದಿನ ಇಲ್ಲಲ್ಲ ಪಾಪ," ಅಂದಳು.

ಬನದ ಹುಣ್ಣಿಮೆಗೆ ಬಾದಾಮಿಯ ಬನಶಂಕರಿ ತೇರು. ಹೊಲದಲ್ಲಿ ಬಿಳಿಜೋಳ ತೆನೆ ಹಿಡಿದಿರುತ್ತದೆ, ಕಡಲೆ ಕಾಯಿ ಕಟ್ಟಿರುತ್ತದೆ, ಎರೆಭೂಮಿಯವರಿಗೆ ನಾಲ್ಕು ದಿನದ ಬಿಡುವು. ಆಗ ಟ್ರ್ಯಾಕ್ಟರಿನ ಟ್ರೇಲರ್ ತೊಳೆದು, ಎರಡೂ ಮಗ್ಗುಲಿಗೆ ಬಿದಿರು ಬಗ್ಗಿಸಿ ಕಮಾನು ಕಟ್ಟಿ, ಮೇಲೆ ತಾಡಪತ್ರಿ ಹೊದಿಸುತ್ತಾರೆ. ತಳಕ್ಕೆ ಹೊಟ್ಟಿನ ಚೀಲ, ಅದರ ಮೇಲೆ ಜಮಖಾನ, ಮೇಲೆ ಕೌದಿ. ನೀರಿನ ಬ್ಯಾರಲ್ ಹಿಂದೆ, ಗ್ಯಾಸಿನ ಸಿಲಿಂಡರ್ ಮುಂದೆ, ನಡುವೆ ಮೂರು ಮನೆಯ ಮಂದಿ. ಖಡಕ್ ರೊಟ್ಟಿಯ ಬುಟ್ಟಿಗೆ ಮಾತ್ರ ಜಾಗದ ಚರ್ಚೆಯಿಲ್ಲ, ಅದು ಹಿರಿಯರ ಮಗ್ಗುಲಲ್ಲೇ ಕೂಡುತ್ತದೆ. ಸಜ್ಜಿ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳ ಹಿಂಡಿ, ಮಾದಲಿ: ಹೀಗೆ ವಾರಗಟ್ಟಲೆ ಕೆಡದ ಅಡುಗೆಯನ್ನು ನಮ್ಮ ಹೆಣ್ಣುಮಕ್ಕಳು ದಾರಿಗಾಗಿಯೇ ಕಂಡುಹಿಡಿದರೇನೋ ಎಂದು ನನಗೆ ಗುಮಾನಿ. ಸಿಡ್ನಿಯ ಡಬ್ಬಿಯೊಳಗಿನ ಫ್ರಿಜ್ ಮಾಡುವ ಕೆಲಸವನ್ನು ಇಲ್ಲಿ ಹಂಚಿನ ಮೇಲೆ ಒಣಗಿದ ರೊಟ್ಟಿಯೇ ಮಾಡುತ್ತದೆ.

ಟ್ರ್ಯಾಕ್ಟರಿಗೆ ಮೊದಲು ಕೊಲ್ಲಾರಿ ಬಂಡಿ ಇತ್ತು. ಚಾಪೆಯ ಕಮಾನು, ಕೆಳಗೆ ತೂಗುವ ಕಂದೀಲು, ಎತ್ತಿಗೆ ಜೂಲ, ಗೆಜ್ಜೆ. ಸವದತ್ತಿ ಎಲ್ಲಮ್ಮನ ಗುಡ್ಡಕ್ಕೆ, ಬನಶಂಕರಿಗೆ ಹೀಗೇ ಹೋಗುತ್ತಿದ್ದರು. ಎತ್ತು ತಾಸಿಗೆ ನಾಲ್ಕೈದು ಕಿಲೋಮೀಟರ್ ನಡೆದರೆ ಹೆಚ್ಚು. ಹಾಗಾಗಿ ದಾರಿಯಲ್ಲಿ ವಸ್ತಿ ಮಾಡಲೇಬೇಕು. ಎಲ್ಲಿ ಸಿಹಿನೀರಿನ ಬಾವಿ, ಯಾರ ಹೊಲದ ಬದುವಿನಲ್ಲಿ ಬೇವಿನ ಗಿಡ, ಯಾವ ಊರ ಗೌಡರು ಕಣಕಿ ಕೊಡುತ್ತಾರೆ ಎಂಬ ನಕಾಶೆ ಎಲ್ಲ ಬಂಡಿ ಹೊಡೆಯುವವನ ತಲೆಯಲ್ಲಿ. ಬಂಡಿ ಹೋಗಿ ಟ್ರ್ಯಾಕ್ಟರ್ ಬಂದರೂ ಅದೂ ಮಂದಿ ಹೇರಿಕೊಂಡು ಮೆಲ್ಲಗೇ ಓಡುವುದರಿಂದ ರಾತ್ರಿಯ ವಸ್ತಿ ಉಳಿದುಕೊಂಡಿತು. ಈಗ ಕ್ರೂಸರ್ ಹತ್ತಿ ಮುಂಜಾನೆ ಹೊರಟರೆ ರೋಣ ದಾಟಿ, ಮಲಪ್ರಭೆ ದಾಟಿ, ದೇವಿಗೆ ಕಾಯಿ ಒಡೆಸಿ, ಮಧ್ಯಾಹ್ನದ ಊಟಕ್ಕೆ ಮನೆಗೆ ಬರಬಹುದು. ದೇವರು ಸಿಕ್ಕಳು, ಜಾತ್ರೆ ಸಿಗಲಿಲ್ಲ.

ಬನಶಂಕರಿಯ ಜಾತ್ರೆ ಶುರುವಾಗುವುದೇ ರಾತ್ರಿ. ಹರಿದ್ರಾ ತೀರ್ಥವೆಂಬ ಹೊಂಡದ ಸುತ್ತಲಿನ ಕಲ್ಲಿನ ಪಡಸಾಲೆಯಲ್ಲಿ ಮಂದಿ ಉರುಳಿಕೊಂಡಿರುತ್ತಾರೆ. ದೇವಿ ಶಾಕಂಬರಿ, ತೇರಿನ ಮುನ್ನಾದಿನ ಪಲ್ಲೇದ ಹಬ್ಬಕ್ಕೆ 108 ಬಗೆಯ ಪಲ್ಯದ ನೈವೇದ್ಯ. ಬಾಗಿಲು, ಚೌಕಟ್ಟು ಮಾರುವ ಬಡಿಗರ ಸಾಲು ಒಂದು ಕಡೆ. ಇನ್ನೊಂದು ಕಡೆ ವೃತ್ತಿ ನಾಟಕ ಕಂಪನಿಗಳ ತಗಡಿನ ಥಿಯೇಟರುಗಳು. ಜಾತ್ರೆಯ ಹಂಗಾಮು ಪೂರ್ತಿ ಅಲ್ಲೇ ಬಿಡಾರ ಹೂಡುವ ಆ ನಟರೇ ಈ ಸೀಮೆಯ ನಿಜವಾದ ಕ್ಯಾಂಪಿನವರು. ಕಂಪನಿಯವರು ತಮ್ಮ ಮೊಕ್ಕಾಮನ್ನು ಇವತ್ತಿಗೂ 'ಕ್ಯಾಂಪು' ಎಂದೇ ಕರೆಯುತ್ತಾರೆ. ನಾಟಕ ಮುಗಿಸಿ ನಡುರಾತ್ರಿ ಟ್ರೇಲರಿಗೆ ಮರಳಿದರೆ ನಮ್ಮ ಕೌದಿಯಲ್ಲಿ ಮಗ್ಗುಲ ಟ್ರ್ಯಾಕ್ಟರಿನ ಮಗು ಮಲಗಿರುತ್ತದೆ. ಎಬ್ಬಿಸುವ ಪದ್ಧತಿಯಿಲ್ಲ.

ಕಾಡಿಗೂ ಹೋಗಿದ್ದೇವೆ. ಹುಬ್ಬಳ್ಳಿ, ಯಲ್ಲಾಪುರದ ಮೇಲೆ ಅರಬೈಲ್ ಘಟ್ಟ ಇಳಿದು ಗೋಕರ್ಣಕ್ಕೆ, ಕ್ರೂಸರಿನಲ್ಲಿ. ಘಟ್ಟದಲ್ಲಿ ದೊಡ್ಡವ್ವನಿಗೆ ಉಸಿರು ಕಟ್ಟಿದಂತಾಯಿತು. "ಏನ್ ಗಿಡಪ್ಪಾ ಇವು, ಮಗ್ಗಲ ಹೊಲದಾಗ ಯಾರದಾರ ಅಂತನೂ ಕಾಣಂಗಿಲ್ಲ." ಎರೆಭೂಮಿಯಲ್ಲಿ ಹುಟ್ಟಿದವರಿಗೆ ಮುಗಿಲು ನೆಲಕ್ಕೆ ತಾಗುವ ಗೆರೆ ಕಂಡರೇ ಸಮಾಧಾನ. ಕಾಳಿ ಹುಲಿ ಸಂರಕ್ಷಿತ ಪ್ರದೇಶ, ಅದರೊಳಗೆ 1987ರಲ್ಲಿ ಘೋಷಣೆಯಾದ ಅಣಶಿ ರಾಷ್ಟ್ರೀಯ ಉದ್ಯಾನ ಅಲ್ಲಿಂದ ದೂರವೇನಲ್ಲ. ಅಲ್ಲಿ ಬಿದಿರು ಬಗ್ಗಿಸಿ ತಾಡಪತ್ರಿ ಕಟ್ಟುತ್ತೇವೆ ಅಂದರೆ ಅರಣ್ಯ ಇಲಾಖೆಯವರು ಒಪ್ಪುವುದಿಲ್ಲ. 1972ರ ವನ್ಯಜೀವಿ ಕಾಯ್ದೆ ಅಡ್ಡ ಬರುತ್ತದೆ. ಬಂಡೀಪುರದ ಹೆದ್ದಾರಿಯಂತೂ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಬಂದ್. ಸರಿಯಾದದ್ದೇ. ನಾವು ವಸ್ತಿ ಮಾಡಿದ ಜಾಗ ನಾನು ನೋಡಿದ್ದೇನೆ: ಗುಟಕಾ ಚೀಟಿ, ಪ್ಲಾಸ್ಟಿಕ್ ತಾಟು, ಆರದ ಒಲೆ, ಮೇಲೆ ಡಿಜೆ. ಅದನ್ನು ಜಾತ್ರೆ ತಡೆದುಕೊಂಡೀತು, ಹುಲಿ ಯಾಕೆ ತಡೆದುಕೊಳ್ಳಬೇಕು? ಹೊಳ್ಳಿ ಬರುವಾಗ ಕಸವನ್ನೂ ಹೊತ್ತು ತರುವ ಅಳಿಯನ ಪದ್ಧತಿ ನಮಗೆ ಬಂದ ದಿನ ಈ ಮಾತು ಮತ್ತೆ ತೆಗೆಯೋಣ.

ಟ್ರ್ಯಾಕ್ಟರನ್ನೂ ಹೊಗಳಿ ಅಟ್ಟಕ್ಕೇರಿಸಲಾರೆ. ಸರಕಿನ ಟ್ರೇಲರಿನಲ್ಲಿ ಮಂದಿ ಹೇರುವುದು ಕಾನೂನಿಗೆ ವಿರುದ್ಧ. ಏರಿಯ ತಿರುವಿನಲ್ಲಿ ಟ್ರೇಲರ್ ಮಗುಚಿದ ಸುದ್ದಿ ಜಾತ್ರೆಯ ದಿನಗಳಲ್ಲಿ ಪೇಪರಿಗೆ ಬರುತ್ತಲೇ ಇರುತ್ತದೆ. ಬಯಲಿನ ವಸ್ತಿ ಗಂಡಸರಿಗೆ ಹಾಯಾದಷ್ಟು ಹೆಂಗಸರಿಗಲ್ಲ. ನಸುಕಿನ ಮೊದಲೇ ಎದ್ದು ಕತ್ತಲಲ್ಲಿ ಮರೆ ಹುಡುಕುವುದು ಅವರು, ಹೊಗೆಯಲ್ಲಿ ಕಣ್ಣು ಒರೆಸಿಕೊಳ್ಳುವುದು ಅವರು. ಅಳಿಯನ ಟ್ರೇಲರಿನ ಮಗ್ಗುಲಲ್ಲಿ ಮಡಚಿಟ್ಟ ಪುಟ್ಟ ಶೌಚದ ಡೇರೆ ಕಂಡಾಗ ದೊಡ್ಡವ್ವನ ಸೊಸೆ ವಿಡಿಯೋ ನಿಲ್ಲಿಸಿ, "ಇಷ್ಟ ಒಂದ್ ತರಸ್ರಿ, ಉಳಿದದ್ದು ನಮ್ಮ ಕಡೆ ಐತಿ," ಅಂದಳು. ಕ್ಯಾಂಪರ್ ಟ್ರೇಲರ್ ಬಗ್ಗೆ ನಾನು ಕೇಳಿದ ಸರಿಯಾದ ವಿಮರ್ಶೆ ಇದೊಂದೇ.

ಈ ಸಲ ಬನದ ಹುಣ್ಣಿಮೆಗೆ ಅಳಿಯ ರಜೆ ಹಾಕಿ ಬರುತ್ತಾನಂತೆ. ಮೊನ್ನೆ ಫೋನಿನಲ್ಲಿ ಕೇಳಿದ: "ಆಯಿ, ಅಲ್ಲಿ ಟ್ರ್ಯಾಕ್ಟರ್ ನಿಲ್ಲಿಸ್ಲಿಕ್ಕೆ ಜಾಗಾ ಮೊದಲ ಬುಕ್ ಮಾಡಬೇಕೇನು?"

"ಒಂದಿನ ಮುಂಚೆ ಹೋಗಿ ಬೇವಿನ ಗಿಡದ ಬುಡಕ ಚಾಪಿ ಒಗದ್ರ ಆತು. ಟೊಂಗಿ ಬೀಳತೈತಿ ಅಂತ ಅಂಜಬ್ಯಾಡ, ಬಿದ್ರ ಒಲಿಗೆ ಆಗತೈತಿ," ಅಂದಳು ದೊಡ್ಡವ್ವ.