ರಾಣಿಯ ಚಿತ್ರವೂ ಬಯಲಿನ ನೆನಪೂ

ಚಳ್ಳಕೆರೆಯಿಂದ ಬಳ್ಳಾರಿಯ ಹೆದ್ದಾರಿ ಹಿಡಿದು ಹೊರಟ ಪ್ರಯಾಣಿಕನಿಗೆ ಕಣ್ಣು ಹಾಯುವಷ್ಟೂ ಬಯಲು. ಕಡಲೆಕಾಯಿಯ ಹೊಲ, ಜಾಲಿಯ ಮರ, ಕುರಿಮಂದೆ, ಅದರ ಹಿಂದೆ ಹೆಗಲ ಮೇಲೆ ಕಂಬಳಿ ಹೊತ್ತ ಕುರಿಗಾಹಿ. ತಳಕನ್ನು ದಾಟಿ ಹಾನಗಲ್ಲಿನಲ್ಲಿ ತಿರುಗಿದರೆ ಬಂಡೆಗುಡ್ಡಗಳ ನಡುವೆ ಮಗ್ಗದ ಸದ್ದಿನ ಮೊಳಕಾಲ್ಮೂರು. ನಾಡಿನಲ್ಲಿ ಮಳೆರಾಯನ ಕೃಪೆ ಅತ್ಯಲ್ಪವಾದ ಸೀಮೆಯಿದು.

ಇಲ್ಲಿ ಇಂಗ್ಲೆಂಡಿನ ರಾಣಿಯ ಚಲನಚಿತ್ರದ ಮಾತೇಕೆ ಎಂದು ವಾಚಕರು ಕೇಳಬಹುದು. ಕಾರಣವುಂಟು.

ವಿಕ್ಟೋರಿಯಾ ಪಟ್ಟವೇರಿ ನೂರು ವರ್ಷ ತುಂಬಿದ 1937ರಲ್ಲಿ ಹರ್ಬರ್ಟ್ ವಿಲ್ಕಾಕ್ಸ್ ನಿರ್ದೇಶಿಸಿದ ‘ವಿಕ್ಟೋರಿಯಾ ದಿ ಗ್ರೇಟ್’ ತೆರೆಕಂಡಿತು. ಆನಾ ನೀಗಲ್ ರಾಣಿ. ಆಂಟನ್ ವಾಲ್‌ಬ್ರೂಕ್ ಆಕೆಯ ಪತಿ ಆಲ್ಬರ್ಟ್. ಪ್ರಣಯ, ದಾಂಪತ್ಯ, ವೈಧವ್ಯಗಳನ್ನು ಕಪ್ಪುಬಿಳುಪಿನಲ್ಲಿ ಹೇಳುತ್ತ ಬಂದ ಚಿತ್ರವು ಕೊನೆಗೆ ಥಟ್ಟನೆ ವರ್ಣಮಯವಾಗುತ್ತದೆ. ಸಾಮ್ರಾಜ್ಯದ ವೈಭವಕ್ಕೆಂದೇ ಬಣ್ಣವನ್ನು ಕಾದಿರಿಸಿದಂತಿದೆ. ಸಿಂಹಾಸನದ ಮೇಲಿನ ಹೆಂಗಸಿನ ದುಃಖಕ್ಕೆ ನೋಡುವವರೂ ಮರುಗುತ್ತಾರೆ. ಅದು ಕಲೆಯ ಬಲ, ತಪ್ಪೇನಲ್ಲ.

ಆದರೆ ಆ ಬಣ್ಣದ ಬೆಳಕು ಬೀಳದ ಮೂಲೆಯೊಂದಿದೆ. 1831ರಿಂದ 1881ರವರೆಗೆ ಮೈಸೂರು ಸಂಸ್ಥಾನ ಬ್ರಿಟಿಷ್ ಕಮೀಷನರುಗಳ ಕೈಯಲ್ಲಿತ್ತು. 1877ರ ಜನವರಿ 1ರಂದು ವೈಸರಾಯ್ ಲಿಟ್ಟನ್ ದೆಹಲಿಯಲ್ಲಿ ದರ್ಬಾರು ನಡೆಸಿ, ವಿಕ್ಟೋರಿಯಾಳನ್ನು ಭಾರತದ ಚಕ್ರವರ್ತಿನಿಯೆಂದು ಸಾರಿದನು. ಆ ಹೊತ್ತಿಗೆ ಸಂಸ್ಥಾನದಲ್ಲಿ ಮಳೆ ಕೈಕೊಟ್ಟು, ಧಾತು ಸಂವತ್ಸರದ ಬರ ಕಣಜಗಳನ್ನು ಬರಿದು ಮಾಡಿತ್ತು. ಮುಂದಿನ ಈಶ್ವರ ಸಂವತ್ಸರ ಇನ್ನೂ ಕ್ರೂರವಾಯಿತು. 1871ರ ಗಣತಿಯಲ್ಲಿ 50 ಲಕ್ಷ ಮೀರಿದ್ದ ಸಂಸ್ಥಾನದ ಜನಸಂಖ್ಯೆ 1881ರಲ್ಲಿ ಸುಮಾರು 42 ಲಕ್ಷಕ್ಕೆ ಕುಸಿದಿತ್ತು. ಧಾತು-ಈಶ್ವರದ ಬರವೆಂದು ಹಿರಿಯರ ಬಾಯಲ್ಲಿ ಉಳಿದ ಆ ಸಂಕಟಕ್ಕೆ, ಕೆರೆಯ ನೀರನ್ನೂ ಮುಗಿಲನ್ನೂ ನಂಬಿದ ಇಂತಹ ಸೀಮೆಗಳೇ ಮೊದಲ ತುತ್ತು.

ಮೊಳಕಾಲ್ಮೂರು ತಾಲ್ಲೂಕಿನ ಸಿದ್ದಾಪುರದ ಬಳಿ ಬ್ರಹ್ಮಗಿರಿಯಿದೆ. ಅಲ್ಲಿನ ಬಂಡೆಯ ಮೇಲಿನ ಅಶೋಕನ ಶಾಸನವನ್ನು ಬಿ. ಎಲ್. ರೈಸ್ ಅವರು 1892ರಲ್ಲಿ, ವಿಕ್ಟೋರಿಯಾ ಇನ್ನೂ ಆಳುತ್ತಿದ್ದಾಗಲೇ, ಬೆಳಕಿಗೆ ತಂದರು. ದೂರದ ಸುವರ್ಣಗಿರಿಯಿಂದ ಇಸಿಲದ ಅಧಿಕಾರಿಗಳಿಗೆ ಬಂದ ಆಜ್ಞೆಯದು. ಮೊದಲು ಅವರ ಕ್ಷೇಮವನ್ನು ವಿಚಾರಿಸಿ, ತಾಯಿತಂದೆಯರ ಸೇವೆ ಮಾಡಬೇಕು, ಜೀವಿಗಳಲ್ಲಿ ದಯೆಯಿರಬೇಕು, ಸತ್ಯವನ್ನೇ ನುಡಿಯಬೇಕು ಎನ್ನುತ್ತದೆ. ದೊಡ್ಡವರಷ್ಟೇ ಅಲ್ಲ, ಸಣ್ಣವರೂ ಪ್ರಯತ್ನದಿಂದ ಸ್ವರ್ಗವನ್ನು ಪಡೆಯಬಲ್ಲರೆಂದೂ ಸಾರುತ್ತದೆ.

ದೂರದಲ್ಲಿ ಕುಳಿತು ಈ ನೆಲವನ್ನಾಳಿದವರು ಇಬ್ಬರು. ಒಬ್ಬಳ ಮುಖವನ್ನು ಬೆಳ್ಳಿತೆರೆ ಜಗತ್ತಿಗೆಲ್ಲ ತೋರಿಸಿತು. ಇನ್ನೊಬ್ಬನ ಮುಖ ಈ ಬಂಡೆಯಲ್ಲಿಲ್ಲ; ಪ್ರಜೆಗಳ ವಿಷಯದಲ್ಲಿ ಅವನು ಆಡಿದ ಮಾತಿದೆ. ಬೇಸಗೆಯ ರಜೆಯಲ್ಲಿ ಮೊಳಕಾಲ್ಮೂರಿನ ರೇಷ್ಮೆ ಸೀರೆಗೆಂದು ಹೋಗುವ ಕುಟುಂಬಗಳು ಒಂದು ಗಳಿಗೆ ಬ್ರಹ್ಮಗಿರಿಯ ಬುಡದಲ್ಲಿಯೂ ನಿಂತು ಬರಲಿ.